ಎರಡು ಪಟ್ಟಿಗಳ ನಡುವೆ ಜಾರಿದ ಮಗು: ಮುಂಬೈ ದಡಾರದ ಒಂದು ಪ್ರಕರಣ

ಈ ಪ್ರಕರಣ 2022ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳದ್ದು. ಸ್ಥಳ, ಮುಂಬೈನ ಪೂರ್ವ ಉಪನಗರದ ಒಂದು ಕೂಲಿಕಾರರ ವಸತಿ. ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅರವತ್ತರಷ್ಟು ಕುಟುಂಬಗಳು ಅಲ್ಲಿದ್ದವು. ವಸತಿಯ ಹೆಸರು, ಊರುಗಳ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮರಾಠಿ ಬಲ್ಲ ಆರೋಗ್ಯ ಸೇವಿಕೆಯರಿಗೂ ಕನ್ನಡ ಬಿಟ್ಟರೆ ಬೇರೆ ಬಾರದ ತಾಯಂದಿರಿಗೂ ನಡುವೆ ಮಾತು ದಾಟಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಎರಡೂ ಕಡೆಯವರು ಏನು ಹೇಳಿದರು, ಏನನ್ನು ಹೇಳದೆ ಉಳಿಸಿಕೊಂಡರು ಎಂಬುದು ಹತ್ತಿರದಿಂದ ಕಂಡಿತು.

ಆ ದಿನಗಳ ಮುಂಬೈ ನೆನಪಿದ್ದವರಿಗೆ ಹಿನ್ನೆಲೆ ಹೆಚ್ಚು ಬೇಕಾಗಿಲ್ಲ. ಅಕ್ಟೋಬರ್ ಕೊನೆಯಲ್ಲಿ ಗೋವಂಡಿಯಲ್ಲಿ ಮಕ್ಕಳು ದಡಾರದಿಂದ ಸತ್ತ ಸುದ್ದಿ ಬಂತು. ನವೆಂಬರಿನಲ್ಲಿ ಕೇಂದ್ರದ ತಂಡ ನಗರಕ್ಕೆ ಬಂತು. ಭಿವಂಡಿ, ಮಾಲೆಗಾಂವ್‌ಗಳಲ್ಲೂ ಪ್ರಕರಣಗಳು ಏರಿದವು. ಕೋವಿಡ್‌ನ ಎರಡು ವರ್ಷಗಳಲ್ಲಿ ಮಕ್ಕಳ ಲಸಿಕೆ ಲೋಕದಾದ್ಯಂತ ಹಿಂದೆ ಬಿದ್ದಿತ್ತು. 2021ರೊಂದರಲ್ಲೇ ಸುಮಾರು 4 ಕೋಟಿ ಮಕ್ಕಳಿಗೆ ದಡಾರ ಲಸಿಕೆಯ ಒಂದಲ್ಲ ಒಂದು ಡೋಸ್ ತಪ್ಪಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತ್ತು. ದಡಾರ ಇಂಥ ಸಂದನ್ನು ಹುಡುಕಿ ನುಗ್ಗುವ ರೋಗ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 18 ಮಂದಿಗೆ ಅದನ್ನು ಅಂಟಿಸಬಲ್ಲ. ಕೆಮ್ಮಿದವರು ಎದ್ದುಹೋದ ಮೇಲೂ ಮುಚ್ಚಿದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೆ ಉಳಿಯಬಲ್ಲದು. ಒಂದು ಊರು ಸುರಕ್ಷಿತವೆನಿಸಿಕೊಳ್ಳಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು.

ಆಯಿಯ ಕೋಣೆ

ವಸತಿಯ ಗಂಡಸರು, ಹೆಂಗಸರು ಬೆಳಗಿನ ಎಂಟಕ್ಕೆ ನಾಕಾಕ್ಕೆ, ಅಂದರೆ ದಿನಗೂಲಿ ಕೆಲಸ ಸಿಗುವ ಚೌಕಕ್ಕೆ, ಹೋಗಿ ನಿಲ್ಲುತ್ತಿದ್ದರು. ಕೈಗೂಸುಗಳನ್ನು, ಶಾಲೆಗೆ ಹೋಗದ ಮಕ್ಕಳನ್ನು ಒಬ್ಬ ಮುದುಕಿಯ ಬಳಿ ಬಿಡುತ್ತಿದ್ದರು. ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು. ಹತ್ತಡಿ ಉದ್ದ, ಎಂಟಡಿ ಅಗಲದ ತಗಡಿನ ಕೋಣೆ. ಒಂದು ಬಿದಿರಿಗೆ ಕಟ್ಟಿದ ಎರಡು ಸೀರೆ ಜೋಲಿಗಳು. ನೀರಿನ ಕೊಡದ ಮೇಲೆ ಕವುಚಿದ ಒಂದೇ ಸ್ಟೀಲ್ ಲೋಟ. ಎದುರಿನ ರಸ್ತೆಯಲ್ಲಿ ಜಲ್ಲಿ ಲಾರಿಗಳ ಧೂಳು ಏಳುತ್ತಿತ್ತೆಂದು ಬಾಗಿಲನ್ನು ಸದಾ ಮುಕ್ಕಾಲು ಮುಚ್ಚಿರುತ್ತಿದ್ದರು. ಐದು ವರ್ಷದೊಳಗಿನ ಹನ್ನೊಂದು ಮಕ್ಕಳು ದಿನವೂ ಆ ಕೋಣೆಯಲ್ಲಿ ಉಣ್ಣುತ್ತಿದ್ದರು, ಮಲಗುತ್ತಿದ್ದರು. ದಡಾರದ ವೈರಾಣುವಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗಲಾರದು. ಆದರೆ ಆ ಕೋಣೆ ಇಲ್ಲದಿದ್ದರೆ ಹನ್ನೊಂದು ತಾಯಂದಿರಿಗೆ ಕೂಲಿಯೂ ಇರುತ್ತಿರಲಿಲ್ಲ. ಆಯಿಯನ್ನು ದೂರಿದವರು ಆಮೇಲೆ ಹಲವರು ಸಿಕ್ಕರು. ಅವರು ಯಾರೂ ಆ ಮಕ್ಕಳನ್ನು ಒಂದು ದಿನ ನೋಡಿಕೊಂಡವರಲ್ಲ.

ಮೊದಲು ಕಾಯಿಲೆ ಬಿದ್ದದ್ದು ಹದಿನಾಲ್ಕು ತಿಂಗಳ ಒಂದು ಹೆಣ್ಣು ಮಗು. ಜ್ವರ, ಮೂಗು ಸೋರುವುದು, ಕೆಂಪಾದ ಕಣ್ಣು. ಐದನೆಯ ದಿನ ಕಿವಿಯ ಹಿಂದಿನಿಂದ ದದ್ದು ಎದ್ದು ಮುಖಕ್ಕೆ, ಎದೆಗೆ ಇಳಿಯಿತು. ತಾಯಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಗೊಬ್ಬರ (ಆ ಕಡೆ ದಡಾರಕ್ಕೆ ಇದೇ ಹೆಸರು) ಎದ್ದಿದೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು, ಒಗ್ಗರಣೆ ನಿಲ್ಲಿಸಿದಳು. ಅಷ್ಟು ಹೊತ್ತಿಗೆ ಮಗು ಆಯಿಯ ಕೋಣೆಯಲ್ಲಿ ಕೆಮ್ಮುತ್ತಾ ನಾಲ್ಕೈದು ದಿನ ಕಳೆದಿತ್ತು. ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದಲೇ ದಡಾರ ಅಂಟುತ್ತದೆ. ಕಣ್ಣಿಗೆ ಬೀಳುವ ವೇಳೆಗೆ ಅದರ ಅರ್ಧ ಕೆಲಸ ಮುಗಿದಿರುತ್ತದೆ.

ಈ ಮಗುವಿಗೆ ಲಸಿಕೆ ಯಾಕೆ ತಪ್ಪಿತು ಎಂಬ ಪ್ರಶ್ನೆಗೆ ಬೇಗ ಸಿಗುವ ಉತ್ತರ ಅಜ್ಞಾನ, ಮೂಢನಂಬಿಕೆ. ಎರಡೂ ಸುಳ್ಳು. ಮಗು ಹುಟ್ಟಿದ್ದು ತಾಯಿಯ ತವರಿನಲ್ಲಿ, 2021ರ ಸೆಪ್ಟೆಂಬರಿನಲ್ಲಿ. ಅಲ್ಲಿನ ಆಶಾ ಕಾರ್ಯಕರ್ತೆ ಹುಟ್ಟಿನ ಲಸಿಕೆಯನ್ನೂ ಆಮೇಲಿನ ಮೂರು ಸುತ್ತನ್ನೂ ಬಿಡದೆ ಹಾಕಿಸಿದ್ದಳು. ಶಿವರಾತ್ರಿಯ ಹೊತ್ತಿಗೆ ತಾಯಿ ಮಗುವಿನೊಂದಿಗೆ ಮುಂಬೈ ಸೇರಿದಳು. ಲಸಿಕೆಗಳ ದಾಖಲೆಯಿದ್ದ ತಾಯಿ ಕಾರ್ಡ್ ತವರಿನ ಟ್ರಂಕಿನಲ್ಲಿ ಉಳಿಯಿತು. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಆಗಬೇಕು. ತಾಯಿಗೆ ಅದು ಗೊತ್ತಿತ್ತು. ಜೂನಿನಲ್ಲಿ ಮಗುವನ್ನು ಎತ್ತಿಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದಳು ಕೂಡ. ಲಸಿಕೆಯ ದಿನ ಬನ್ನಿ ಎಂದು ಹೇಳಿ ಕಳಿಸಿದರು.

ಈ ಲಸಿಕೆ ಪುಡಿಯ ರೂಪದಲ್ಲಿ ಸೀಸೆಯಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳ ಡೋಸ್ ಇರುತ್ತದೆ. ಒಂದೇ ಮಗು ಬಂದಾಗ ತೆರೆದರೆ ಮಿಕ್ಕದ್ದು ದಂಡ, ಲೆಕ್ಕ ಕೊಡಬೇಕು ಎಂಬ ಹೆದರಿಕೆ ಸಿಬ್ಬಂದಿಗೆ. ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಲಹೆ ಇರುವುದು ಕಾಗದದ ಮೇಲೆ, ಹೆದರಿಕೆ ಇರುವುದು ಕೈಯಲ್ಲಿ. ತಾಯಿಯ ಕಡೆಯ ಲೆಕ್ಕವೂ ಅಷ್ಟೇ ಸರಳ. ಮಳೆ ಹಿಡಿದರೆ ನಾಕಾದಲ್ಲಿ ಕೆಲಸ ಸಿಗುವ ದಿನಗಳೇ ಕಡಿಮೆ. ಸಿಕ್ಕ ದಿನವನ್ನು ಬಿಟ್ಟು ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಲು ಅವಳಿಂದಾಗಲಿಲ್ಲ.

ಊರಿನ ಪಟ್ಟಿಯಲ್ಲಿ ಮಗುವಿನ ಹೆಸರಿನ ಎದುರು ‘ಊರಲ್ಲಿಲ್ಲ’ ಎಂದು ಬರೆದಿತ್ತು. ಮುಂಬೈನ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಎರಡೂ ಪಟ್ಟಿಗಳು ತಮ್ಮ ಮಟ್ಟಿಗೆ ಸರಿ. ಹೊಸ ವೈರಾಣುಗಳ ಬಗ್ಗೆ ನಾವು ಇಷ್ಟು ಮಾತಾಡುತ್ತೇವಲ್ಲ, ಇಲ್ಲಿ ವೈರಾಣು ಹೊಸದೇನೂ ಆಗಿರಲಿಲ್ಲ. 1960ರ ದಶಕದ ಲಸಿಕೆ ಇವತ್ತಿನ ದಡಾರವನ್ನೂ ತಡೆಯುತ್ತದೆ. ಈ ಕತೆಯಲ್ಲಿ ಬದಲಾದದ್ದು ಮಗುವಿನ ವಿಳಾಸ ಮಾತ್ರ.

ಮುಚ್ಚಿದ ಬಾಗಿಲುಗಳು

ಮನೆ ಮನೆ ಸಮೀಕ್ಷೆ ಶುರುವಾದಾಗ ಸೇವಿಕೆಯರು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಮುಕ್ಕಾಲುಪಾಲು ಬಾಗಿಲುಗಳಿಗೆ ಬೀಗ. ತೆರೆದಿದ್ದ ಮನೆಗಳಲ್ಲಿ ಕೇಳಿದ ಪ್ರಶ್ನೆ ಒಂದೇ: ಯಾರಿಗಾದರೂ ಜ್ವರ ಇದೆಯೇ? ಉತ್ತರವೂ ಒಂದೇ: ಇಲ್ಲ. ಬೇವು ಕಟ್ಟಿದ ಬಾಗಿಲಿನವರೂ ಇಲ್ಲ ಎಂದರು. ಮರಾಠಿ, ಹಿಂದಿಯಲ್ಲಿ ಧ್ವನಿವರ್ಧಕದಿಂದ ಕೂಗಿಸಿದ್ದಾಯಿತು. ಕನ್ನಡದಲ್ಲಿ ಕರಪತ್ರವನ್ನೂ ಅಚ್ಚು ಹಾಕಿಸಿದರು. ಓದಬಲ್ಲ ಹೆಂಗಸರು ಬೆರಳೆಣಿಕೆಯಷ್ಟು. ಕರಪತ್ರದ ಹಿಂಬದಿ ಖಾಲಿಯಿತ್ತೆಂದು ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಅದರಲ್ಲಿ ಹಾಜರಿ ಬರೆದುಕೊಂಡ.

ಜ್ವರವನ್ನು ಮುಚ್ಚಿಡಲು ಅವರಿಗೆ ಕಾರಣವಿತ್ತು. 2020ರಲ್ಲಿ ಒಬ್ಬರಿಗೆ ಜ್ವರ ಬಂದರೆ ಗಲ್ಲಿಗೆ ಗಲ್ಲಿಯೇ ಬಂದ್ ಆಗುತ್ತಿತ್ತು. ಕೂಲಿ ಇಲ್ಲ, ರೇಷನ್ ಕಾರ್ಡ್ ಊರಿನದು, ಊರಿಗೆ ರೈಲಿಲ್ಲ. ಈ ವಸತಿಯ ಕೆಲವರು ಸೋಲಾಪುರದ ದಾರಿ ಹಿಡಿದು ನಡೆದವರೇ. ಜ್ವರ ಎಂದು ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವರು ಮೈಮೇಲೆ ಕಲಿತಿದ್ದರು. ಒಂದು ಸಾಂಕ್ರಾಮಿಕವನ್ನು ನಾವು ಹೇಗೆ ನಿಭಾಯಿಸುತ್ತೇವೆ ಎಂಬುದರ ಮೇಲೆ ಮುಂದಿನದರಲ್ಲಿ ಜನ ನಮಗೆ ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬುದು ನಿಂತಿರುತ್ತದೆ. ತಜ್ಞರ ವರದಿಗಳಲ್ಲಿ ಈ ಮಾತಿಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ ಎಂಬುದು ನನ್ನ ದೂರು.

ದಾರಿ ತೆರೆದದ್ದು ಒಬ್ಬ ಹಿರಿಯ ಸೇವಿಕೆಯ ಜಾಣತನದಿಂದ. ಬರುವ ಹೊತ್ತನ್ನು ಆಕೆ ರಾತ್ರಿ ಎಂಟಕ್ಕೆ ಬದಲಿಸಿದಳು. ಮನೆಗಳನ್ನು ಬಿಟ್ಟು ನೇರವಾಗಿ ಆಯಿಯ ಬಳಿ ಬಂದು ಕುಳಿತಳು. ಜ್ವರದ ಮಾತೇ ಎತ್ತಲಿಲ್ಲ. ‘ಆಯಿ, ಈ ವಾರ ಯಾವ ಕೂಸು ಊಟ ಬಿಟ್ಟಿದೆ?’ ಎಂದು ನನ್ನ ಮೂಲಕ ಕೇಳಿಸಿದಳು. ಆಯಿ ಬೆರಳು ಮಡಿಸುತ್ತಾ ಹೋದರು. ಆ ಮಗು, ಅದರ ಪಕ್ಕದ ಮನೆಯ ಗಂಡು ಕೂಸು, ಜೋಲಿಯಲ್ಲಿ ಮಲಗುವ ಏಳು ತಿಂಗಳಿನದು. ಯಾವುದರ ಕಣ್ಣಿಗೆ ಪಿಸುರು ಕಟ್ಟಿದೆ, ಯಾವುದು ಬೆಳಕಿಗೆ ಮುಖ ತಿರುಗಿಸುತ್ತದೆ, ಎಲ್ಲವೂ ಅವರ ನಾಲಿಗೆ ತುದಿಯಲ್ಲಿತ್ತು. ಸಮೀಕ್ಷೆಯ ಹಾಳೆಗಳಲ್ಲಿ ಇಲ್ಲದ ಮಾಹಿತಿ ಹತ್ತು ನಿಮಿಷದಲ್ಲಿ ಸಿಕ್ಕಿತು.

ಏಳು ತಿಂಗಳಿನ ಕೂಸಿನ ಉಸಿರು ಎಣಿಸಿದಾಗ ಸೇವಿಕೆಯ ಮುಖ ಬದಲಾಯಿತು. ಪಕ್ಕೆಲುಬುಗಳ ನಡುವಿನ ಚರ್ಮ ಉಸಿರಿಗೊಮ್ಮೆ ಒಳಕ್ಕೆ ಎಳೆಯುತ್ತಿತ್ತು. ದಡಾರದಲ್ಲಿ ಮಕ್ಕಳನ್ನು ಹೆಚ್ಚಾಗಿ ಕೊಲ್ಲುವುದು ನ್ಯುಮೋನಿಯಾ. ತಾಯಿ ಹಿಂಜರಿದಳು, ಅತ್ತೆ ಬೇಡವೆಂದರು, ತಂದೆ ಸುಮ್ಮನೆ ನಿಂತ. ಆಯಿ ಒಂದೇ ಮಾತು ಹೇಳಿದರು: ‘ಅಮ್ಮ ಮೈಮೇಲೆ ಬಂದಿದ್ದಾಳೆ, ಸರಿ. ಉಸಿರು ಎಳೆಯುವುದು ಅಮ್ಮನದಲ್ಲ, ಅದು ಕಫ. ಹೊರಡಿ.’ ಅದೇ ರಾತ್ರಿ ಕೂಸನ್ನು ಆಸ್ಪತ್ರೆಗೆ ಸೇರಿಸಿದರು. ಆಮ್ಲಜನಕ ಕೊಡಬೇಕಾಯಿತು, ಕೂಸು ಬದುಕಿತು.

ಬೇವಿನ ಸೊಪ್ಪನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಇದು ಕೂಡ ಯೋಚಿಸಿ ಮಾಡಿದ ತೀರ್ಮಾನ. ಬೇವು ಕಟ್ಟಿದ ಮನೆಗೆ ಹೊರಗಿನವರು ಹೋಗುವುದಿಲ್ಲ, ಕೂಸನ್ನು ಹೊರಗೆ ಕಳಿಸುವುದಿಲ್ಲ. ನಮಗೆ ಬೇಕಾಗಿದ್ದ ಪ್ರತ್ಯೇಕವಾಸವನ್ನು ಆ ಮನೆಗಳು ತಾವಾಗಿಯೇ ಪಾಲಿಸುತ್ತಿದ್ದವು. ಅದರ ಜೊತೆಗೆ ವಿಟಮಿನ್ ಎ ಸೇರಿಸಿದೆವು: ವರ್ಷ ದಾಟಿದ ಮಕ್ಕಳಿಗೆ 2 ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳಿನವರಿಗೆ 1 ಲಕ್ಷ, ಎರಡು ದಿನ ಸತತವಾಗಿ. ಕಣ್ಣು ಮತ್ತು ಜೀವ ಎರಡನ್ನೂ ಉಳಿಸುವ ಅಗ್ಗದ ಮದ್ದು ಅದು. ಪಥ್ಯದಲ್ಲಿ ಒಂದನ್ನು ಮಾತ್ರ ಬಿಡಿಸಬೇಕಾಯಿತು. ಕೂಸಿಗೆ ನೀರು ಕಡಿಮೆ ಕೊಡುವ ರೂಢಿ.

ಮೊದಲೇ ಹೇಳಬೇಕೇ, ಬೇಡವೇ

ನವೆಂಬರ್ ಕೊನೆಗೆ ಕೇಂದ್ರ ಸರ್ಕಾರ ಹೊಸ ಸೂಚನೆ ಕೊಟ್ಟಿತು. ಪ್ರಕರಣ ಏರುತ್ತಿರುವ ಕಡೆ ಒಂಬತ್ತು ತಿಂಗಳಿನಿಂದ ಐದು ವರ್ಷದ ಎಲ್ಲ ಮಕ್ಕಳಿಗೂ, ಹಿಂದೆ ಆಗಿದ್ದರೂ ಸರಿ, ಒಂದು ಹೆಚ್ಚುವರಿ ಡೋಸ್. ಒಂಬತ್ತು ತಿಂಗಳೊಳಗಿನ ಕೂಸುಗಳಲ್ಲೇ ಪ್ರಕರಣಗಳು ನೂರಕ್ಕೆ ಹತ್ತನ್ನು ಮೀರಿದ ಕಡೆ ಆರು ತಿಂಗಳಿನವರಿಗೂ ಒಂದು. ಕಾರ್ಡ್ ಇಲ್ಲದ ಈ ವಸತಿಗೆ ಇದು ವರದಾನ, ಯಾರಿಗೆ ಆಗಿದೆ ಯಾರಿಗೆ ಆಗಿಲ್ಲ ಎಂಬ ತನಿಖೆಯೇ ಬೇಡವಾಯಿತು.

ಶಿಬಿರ ಯಾವಾಗ? ಮುಕಾದಮನೇ ಸೂಚಿಸಿದ: ಬಟವಾಡೆಯ ಸಂಜೆ. ವಾರದ ಪಗಾರಕ್ಕೆ ಎಲ್ಲರೂ ಒಂದೇ ಜಾಗಕ್ಕೆ ಬರುತ್ತಾರೆ, ಕೂಲಿ ಕಳೆಯುವುದಿಲ್ಲ. ಮಕ್ಕಳು ಗುಂಪಾಗಿ ಬಂದಿದ್ದರಿಂದ ಸೀಸೆ ತೆರೆಯುವ ಹೆದರಿಕೆಯೂ ತಾನಾಗಿ ಹೋಯಿತು. ಜೂನಿನಲ್ಲಿ ಒಬ್ಬ ತಾಯಿಯನ್ನು ಹಿಂದಕ್ಕೆ ಕಳಿಸಿದ್ದ ಅಡ್ಡಿ ಡಿಸೆಂಬರಿನಲ್ಲಿ ಬರೀ ಹೊತ್ತು ಬದಲಿಸಿದ್ದರಿಂದ ಇಲ್ಲವಾಯಿತು.

ನಿಜವಾದ ಜಗಳ ಎದ್ದದ್ದು ಬೇರೆಯದಕ್ಕೆ. ಸೋಂಕು ತಗುಲಿದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ದಡಾರವನ್ನು ತಡೆಯುವ ಸಾಧ್ಯತೆ ಇದೆ. ಆಯಿಯ ಕೋಣೆಯ ಮಕ್ಕಳಿಗೆ ಆ ಗಡುವು ಎಂದೋ ದಾಟಿತ್ತು. ಸೋಂಕಿನಿಂದ ದದ್ದಿನವರೆಗೆ ಸುಮಾರು ಎರಡು ವಾರ ಬೇಕು. ಅಂದರೆ ಶಿಬಿರದಲ್ಲಿ ಲಸಿಕೆ ಪಡೆಯುವ ಮಕ್ಕಳಲ್ಲಿ ಕೆಲವರ ಮೈಯೊಳಗೆ ಆಗಲೇ ವೈರಾಣು ಬೆಳೆಯುತ್ತಿತ್ತು, ಅವರಿಗೆ ಸೂಜಿ ಹಾಕಿದ ಕೆಲವೇ ದಿನಗಳಲ್ಲಿ ದದ್ದು ಏಳುವುದು ಖಚಿತವಿತ್ತು. ಜನ ಏನೆನ್ನುತ್ತಾರೆ? ಸೂಜಿಯಿಂದಲೇ ಗೊಬ್ಬರ ಬಂತು ಎನ್ನುತ್ತಾರೆ. ಹಾಗಾದರೆ ಇದನ್ನು ಮೊದಲೇ ಹೇಳಬೇಕೇ?

ವೈದ್ಯರು ಬೇಡ ಎಂದರು. ಹೇಳಿದರೆ ಅರ್ಧ ಜನ ಬರುವುದಿಲ್ಲ, ಈಗ ಮುಖ್ಯವಾದದ್ದು ಸಂಖ್ಯೆ ಎಂಬುದು ಅವರ ವಾದ. ಅದು ತಳ್ಳಿಹಾಕುವಂಥ ವಾದವೂ ಆಗಿರಲಿಲ್ಲ. ಈ ಶಿಬಿರದ ಗುರಿ ಆಗಲೇ ಸೋಂಕು ತಗುಲಿದವರಲ್ಲ, ಅವರಿಂದ ಮುಂದೆ ತಗುಲಲಿದ್ದವರು, ಅವರೆಲ್ಲರೂ ಬರಲೇಬೇಕಿತ್ತು. ಹಿರಿಯ ಸೇವಿಕೆ ಒಪ್ಪಲಿಲ್ಲ. ‘ಈ ಸಲ ಬರುತ್ತಾರೆ ಸಾಹೇಬರೇ, ಮುಂದಿನ ಸಲ ನಾನು ಯಾವ ಮುಖ ಇಟ್ಟುಕೊಂಡು ಬರಲಿ?’ ಎಂದಳು. ಕೊನೆಗೆ ವೈದ್ಯರು ಅವಳ ಮಾತಿಗೆ ಬಂದರು.

ಬಟವಾಡೆಗೆ ಮುಂಚೆ ಮುಕಾದಮನ ಮೇಜಿನ ಬಳಿ ನಿಂತು ನಾನು ಕನ್ನಡದಲ್ಲಿ ಹೇಳಿದ್ದು ಇಷ್ಟು: ಆಯಿಯ ಕೋಣೆಯಲ್ಲಿದ್ದ ಮಕ್ಕಳಲ್ಲಿ ಕೆಲವರಿಗೆ ಈ ವಾರ, ಬರುವ ವಾರ ಗೊಬ್ಬರ ಏಳುತ್ತದೆ. ಅದು ಮೊದಲೇ ಹೊಕ್ಕದ್ದು, ಸೂಜಿಯದಲ್ಲ. ಸೂಜಿ ಹಾಕಿಸುವುದು ಅವರಿಂದ ಉಳಿದವರಿಗೆ ದಾಟದಿರಲಿ ಎಂದು. ಯಾರಿಗೆ ಎದ್ದರೂ ನಮಗೆ ಹೇಳಿ, ಯಾರ ಮನೆಗೂ ಬೀಗ ಹಾಕುವುದಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು. ಏಳೆಂಟು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಟೇ ಹೋದರು. ಉಳಿದವರು ನಿಂತರು.

ಮುಂದಿನ ಎಂಟು ದಿನಗಳಲ್ಲಿ ಆ ಕೋಣೆಯ ಮೂರು ಮಕ್ಕಳಿಗೆ ದದ್ದು ಎದ್ದಿತು. ವೈದ್ಯರು ಹೆದರಿದಂತೆ ಗದ್ದಲ ಆಗಲಿಲ್ಲ. ಹೇಳಿದ ಹಾಗೇ ಆಯಿತಲ್ಲ ಎಂಬ ಮಾತು ಹರಡಿತು. ಹೊರಟು ಹೋಗಿದ್ದ ತಾಯಂದಿರಲ್ಲಿ ಹೆಚ್ಚಿನವರು ಮುಂದಿನ ಬಟವಾಡೆಗೆ ತಾವಾಗಿ ಮಕ್ಕಳನ್ನು ತಂದರು. ಪ್ರಕರಣದ ತಿರುವು ಎಂದು ನಾನು ಗುರುತಿಸುವುದು ಇದನ್ನೇ. ಕೆಟ್ಟ ಸುದ್ದಿಯನ್ನು ಮೊದಲೇ ಒಪ್ಪಿಸಿದ್ದರಿಂದ ಅದು ನಿಜವಾದ ದಿನ ನಮ್ಮ ಮಾತಿನ ತೂಕ ಹೆಚ್ಚಿತು.

ಎಳ್ಳ ಅಮಾವಾಸ್ಯೆ

ಡಿಸೆಂಬರ್ 23ಕ್ಕೆ ಎಳ್ಳ ಅಮಾವಾಸ್ಯೆ. ಕಲಬುರಗಿ ಕಡೆಯವರು ಅಂದು ಹೊಲದಲ್ಲಿ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಚೆಲ್ಲದೆ ಇರಲಾರರು. ಬಜ್ಜಿ, ಸಜ್ಜೆ ಕಡುಬಿನ ಆಸೆ ಬೇರೆ. ಹಲವರು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದರು. ಮೊದಲು ಕಾಯಿಲೆ ಬಿದ್ದ ಮಗುವಿನ ಜಾವಳವೂ ಆಗಲೇ ಎಂದು ನಿಶ್ಚಯವಾಗಿತ್ತು. ಸಾಮಾನ್ಯ ಬೋಗಿಯಲ್ಲಿ ಮೈಗೆ ಮೈ ತಾಗಿಸಿ ಕುಳಿತು ಗಂಟೆಗಟ್ಟಲೆ ಪ್ರಯಾಣ, ಆಮೇಲೆ ನೂರಾರು ಮಂದಿ ಸೇರುವ ಹೊಲದೂಟ.

ಪ್ರಯಾಣ ತಡೆಯಿರಿ ಎಂಬ ಸಲಹೆ ಬಂತು. ತಡೆದರೆ ಹೇಳದೆ ಹೋಗುತ್ತಾರೆ ಎಂಬುದು 2020 ಕಲಿಸಿದ ಪಾಠ. ಬದಲಿಗೆ ಹೋಗುವವರ ಊರುಗಳ ಹೆಸರು ಬರೆದುಕೊಂಡು ಅಲ್ಲಿನ ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿದೆವು. ದದ್ದು ಎದ್ದು ನಾಲ್ಕು ದಿನ ಕಳೆದ ಮಕ್ಕಳಿಂದ ಅಂಟುವ ಭಯವಿಲ್ಲ. ಹಾಗಾಗಿ ಆ ಹೆಣ್ಣು ಮಗುವಿನ ಜಾವಳಕ್ಕೆ ಅಡ್ಡಿಯಿರಲಿಲ್ಲ. ಚಿಂತೆ ಇದ್ದದ್ದು ಇನ್ನೂ ದದ್ದು ಕಾಣದ, ಆದರೆ ಕೆಮ್ಮುತ್ತಿದ್ದ ಮಕ್ಕಳದು. ಒಂದು ಕುಟುಂಬ ಯಾರಿಗೂ ತಿಳಿಸದೆ ಮೊದಲೇ ಹೊರಟಿತು. ಅವರ ಮೂರು ವರ್ಷದ ಹುಡುಗನಿಗೆ ಊರು ಮುಟ್ಟಿದ ಮೇಲೆ ದದ್ದು ಎದ್ದಿತು. ಫೋನ್ ಹೋಗಿದ್ದರಿಂದ ಆಶಾ ಅದೇ ದಿನ ಮನೆಗೆ ಹೋದಳು. ಹುಡುಗನ ಚಿಕ್ಕಮ್ಮನ ಎಂಟು ತಿಂಗಳಿನ ಕೂಸಿಗೂ ಆಮೇಲೆ ದಡಾರ ಬಂತು. ಅದಕ್ಕಿಂತ ಮುಂದೆ ಹರಡಲಿಲ್ಲ, ಯಾಕೆಂದರೆ ಆ ಊರಿನ ಉಳಿದ ಮಕ್ಕಳಿಗೆ ಎರಡೂ ಡೋಸ್ ಆಗಿತ್ತು. ದಡಾರ–ರುಬೆಲ್ಲಾ ಅಭಿಯಾನ 2017ರಲ್ಲಿ ಮೊದಲಿಗೆ ಶುರುವಾದ ರಾಜ್ಯಗಳಲ್ಲಿ ಕರ್ನಾಟಕ, ಗೋವಾ ಎರಡೂ ಇದ್ದವು. ವಲಸೆ ಹೋದ ಮಕ್ಕಳಿಗೆ ಮಾತ್ರ ಊರಿನ ಆ ಕಾವಲು ಒದಗಲಿಲ್ಲ.

ವಸತಿಯ ಒಟ್ಟು ಪ್ರಕರಣಗಳು ಏಳು, ಆರು ಆ ಕೋಣೆಯವು. ಯಾರೂ ಸಾಯಲಿಲ್ಲ. ಆದರೆ ಮೊದಲ ಮಗುವಿನ ಬಲಗಿವಿ ಆರು ತಿಂಗಳು ಸೋರುತ್ತಲೇ ಇತ್ತು, ಮುಂದಿನ ಮಳೆಗಾಲದೊಳಗೆ ಎರಡು ಸಲ ಭೇದಿಯಿಂದ ಆಸ್ಪತ್ರೆ ಸೇರಿತು. ಇದು ಬರೀ ದುರದೃಷ್ಟ ಎನ್ನಲಾಗದು. ದಡಾರ ಮೈಯ ರೋಗನಿರೋಧಕ ನೆನಪನ್ನೇ ಅಳಿಸುತ್ತದೆ. ಲಸಿಕೆಯಿಲ್ಲದೆ ದಡಾರ ಬಂದ ಮಕ್ಕಳಲ್ಲಿ ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳು ನೂರಕ್ಕೆ 11ರಿಂದ 73ರಷ್ಟು ನಾಶವಾದದ್ದನ್ನು 2019ರ ಒಂದು ಅಧ್ಯಯನ ತೋರಿಸಿತ್ತು. ಸತ್ತವರ ಲೆಕ್ಕ ಸೊನ್ನೆ ಎಂದು ಕಡತ ಮುಚ್ಚುವವರು ಈ ಎರಡನೆಯ ಲೆಕ್ಕವನ್ನು ಬರೆಯುವುದಿಲ್ಲ.

ಮುಂದೆ ಬರುವುದು

ಇನ್‌ಫ್ಲುಯೆಂಜಾದ ಸ್ವಭಾವ ದಡಾರಕ್ಕೆ ತದ್ವಿರುದ್ಧ. ಅದರ ಎಂಟು ಜೀನ್ ತುಣುಕುಗಳು ಹಂದಿಯ, ಹಕ್ಕಿಯ, ಮನುಷ್ಯರ ತಳಿಗಳ ನಡುವೆ ಅದಲುಬದಲಾಗಿ ಹೊಸ ವೈರಾಣುವೇ ಹುಟ್ಟಬಹುದು. 2009ರಲ್ಲಿ ಎಚ್1ಎನ್1 ಹಾಗೆ ಬಂತು. ಭಾರತದಲ್ಲಿ ಅದರ ಮೊದಲ ಸಾವು ಆ ಆಗಸ್ಟಿನಲ್ಲಿ ಪುಣೆಯಲ್ಲಾಯಿತು. 2024ರಲ್ಲಿ ಹಕ್ಕಿಜ್ವರದ ಎಚ್5ಎನ್1 ಅಮೆರಿಕದ ಹಾಲಿನ ಹಸುಗಳಲ್ಲಿ ಕಾಣಿಸಿಕೊಂಡಿತು. ಇಂಥ ವೈರಾಣುಗಳನ್ನು ಪತ್ತೆಹಚ್ಚಲು ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ, ಮುಂಬೈನ ಕಸ್ತೂರಬಾ ಆಸ್ಪತ್ರೆಯಲ್ಲಿ 2021ರಿಂದ ಜೀನೋಮ್ ಪ್ರಯೋಗಾಲಯ ಇದೆ. ಅವು ಬೇಕು. ಆದರೆ ಪ್ರಯೋಗಾಲಯಕ್ಕೆ ಮಾದರಿ ತಲುಪುವುದು ಯಾರಾದರೂ ಬಾಯಿಬಿಟ್ಟು ಹೇಳಿದ ಮೇಲೆ. ಬರಲಿರುವ ವೈರಾಣುವಿಗೆ ಲಸಿಕೆ ಇರದಿರಬಹುದು, ಹೆಸರೂ ಇರದಿರಬಹುದು. ಅದು ಹೊಗುವ ಕೋಣೆ ಮಾತ್ರ ಮುಕ್ಕಾಲು ಮುಚ್ಚಿದ ಇದೇ ಕೋಣೆ, ಅದನ್ನು ಮೊದಲು ಕಾಣುವವರು ಆಯಿಯಂಥವರೇ.

ದಡಾರದ ಹತ್ತಿರದ ಬಂಧುವಾದ ದನಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ನಾವು 2011ಕ್ಕೆ ಲೋಕದಿಂದಲೇ ಅಳಿಸಿದೆವು. ಜಾತ್ರೆಯಿಂದ ಜಾತ್ರೆಗೆ, ಸಂತೆಯಿಂದ ಸಂತೆಗೆ ಓಡಾಡುವ ದನಗಳ ಬೆನ್ನು ಹತ್ತಿ ಲಸಿಕೆ ಹಾಕಲು ಸಾಧ್ಯವಾಯಿತು. ನಾಕಾದಿಂದ ನಾಕಾಕ್ಕೆ ಹೋಗುವ ಮಕ್ಕಳಿಗೆ ಅದು ಆಗದು ಎನ್ನುವುದನ್ನು ನಾನು ನಂಬಲಾರೆ.

2023ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯು-ವಿನ್ ವ್ಯವಸ್ಥೆಯಲ್ಲಿ ದೇಶದ ಯಾವ ಮೂಲೆಯಲ್ಲಿ ಹಾಕಿಸಿದ ಲಸಿಕೆಯೂ ಒಂದೇ ಕಡೆ ದಾಖಲಾಗುತ್ತದೆ. ಎರಡು ಪಟ್ಟಿಗಳ ತೊಡಕಿಗೆ ಅದು ಮದ್ದಾಗಬಹುದು. ಆದರೆ ಮೊಬೈಲ್ ಸಂಖ್ಯೆಯ ಮೇಲೆ ನಿಂತ ದಾಖಲೆ, ಪ್ರತಿ ಹೊಸ ಸೈಟಿಗೆ ಹೊಸ ಸಿಮ್ ಹಾಕಿಕೊಳ್ಳುವವರ ಬಳಿ ಎಷ್ಟು ದಿನ ನಿಲ್ಲುತ್ತದೆ ಎಂಬ ಅನುಮಾನ ನನಗಿದೆ. ಒಂದೇ ಮಗುವಿಗೆ ಸೀಸೆ ತೆರೆಯದ ಕೇಂದ್ರಕ್ಕೆ ಕಂಪ್ಯೂಟರ್ ಬಂದರೂ ಉತ್ತರ ಲಸಿಕೆಯ ದಿನ ಬನ್ನಿ ಎಂದೇ ಇರುತ್ತದೆ.

ಆ ವಸತಿ ಈಗ ಅಲ್ಲಿಲ್ಲ. ಕಟ್ಟಡ ಮುಗಿದ ಮೇಲೆ ಮುಕಾದಮನ ತಂಡ ಪನವೇಲ್ ಕಡೆಯ ಹೊಸ ಸೈಟಿಗೆ ಹೋಯಿತು. ಹೋಗುವ ಮುಂಚೆ ಸೇವಿಕೆ ಪ್ರತಿ ಮಗುವಿನ ಕಾರ್ಡಿನ ಫೋಟೋ ತೆಗೆದು ತಾಯಿಯ ಮೊಬೈಲಿನಲ್ಲೊಂದು, ಮುಕಾದಮನ ಮೊಬೈಲಿನಲ್ಲೊಂದು ಇರುವಂತೆ ನೋಡಿಕೊಂಡಳು. ಹಾಜರಿ ಪುಸ್ತಕದಲ್ಲಿ ಕೂಲಿಯವರ ಹೆಸರಿನ ಪಕ್ಕ ಮಕ್ಕಳ ಮುಂದಿನ ಡೋಸಿನ ತಿಂಗಳನ್ನೂ ಬರೆಸಿದಳು. ಪನವೇಲಿನ ಆರೋಗ್ಯ ಕೇಂದ್ರಕ್ಕೆ ಆ ಪಟ್ಟಿಯನ್ನು ತಲುಪಿಸಲು ಅಧಿಕೃತ ದಾರಿ ಯಾವುದೂ ಇರಲಿಲ್ಲ. ತನ್ನ ರಜೆಯ ದಿನ ಬಸ್ ಹತ್ತಿ ತಾನೇ ಕೊಟ್ಟು ಬಂದಳು.